ಕವಡೆ ಬೀಳುವ ಮೊದಲು

ಮೊಬೈಲಿನಲ್ಲಿ ಚದುರಂಗವೋ ಲೂಡೊವೋ ಚೌಕಾಬಾರವೋ ಆಡಲು ಹೊರಟರೆ, ಕಾಯಿ ನಡೆಸುವ ಮೊದಲು ಒಂದು ಪರದೆ ದಾಟಬೇಕಾಗುತ್ತದೆ. ಎಷ್ಟು ಜನ, ಎಷ್ಟು ಹೊತ್ತು, ಯಾವ ನಿಯಮ, ಯಾವ ಬಣ್ಣ, ಗೊತ್ತಿದ್ದವರ ಜೊತೆಯೋ ಅಪರಿಚಿತರ ಜೊತೆಯೋ, ಸೋಲು ಗೆಲುವು ಲೆಕ್ಕಕ್ಕೆ ಹೋಗಬೇಕೋ ಬೇಡವೋ ಎಂಬುದೆಲ್ಲ ಅಲ್ಲಿ ಇತ್ಯರ್ಥವಾಗಬೇಕು. ಆಡಿ ಪಳಗಿದವರ ಬೆರಳು ಅದನ್ನು ಓದದೆಯೇ ದಾಟಿಬಿಡುತ್ತದೆ. ಹೊಸಬರು ಎಡವುವುದು ಅಲ್ಲೇ. ಕಣ್ಣಿಗೆ ಬಿದ್ದ ಗುಂಡಿ ಒತ್ತಿ ಒಳಗೆ ಹೋಗುತ್ತಾರೆ, ಯೋಚಿಸುತ್ತ ಕೂತಾಗ ಗಡಿಯಾರ ಮುಗಿದುಹೋಗುತ್ತದೆ, ಸೋತದ್ದು ಯಾಕೆಂದೇ ತಿಳಿಯುವುದಿಲ್ಲ. ಆಟ ಕಷ್ಟ ಎಂದುಕೊಂಡು ಆ್ಯಪ್ ತೆಗೆದುಹಾಕುವವರಲ್ಲಿ ಎಷ್ಟೋ ಮಂದಿಗೆ ಕಷ್ಟವಾದದ್ದು ಆಟವಲ್ಲ, ಅದರ ಬಾಗಿಲು.

ಈ ಪರದೆ ಮಾಡುವ ಕೆಲಸ ಹಳೆಯದೇ. ಮೈಸೂರು ಜಿಲ್ಲೆಯ ಸಾಲಿಗ್ರಾಮ (ಉಡುಪಿ ಕಡೆಯದಲ್ಲ, ಕೆ.ಆರ್. ನಗರದಿಂದ ಬೇರ್ಪಟ್ಟು ಈಗ ತಾಲ್ಲೂಕು ಕೇಂದ್ರವಾಗಿರುವುದು), ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಸೀಮೆಯಲ್ಲಿ ಚೌಕಾಬಾರಕ್ಕೆ ಬೇಕಾಗುವುದು ಒಂದು ಜಗಲಿ, ಒಂದು ತುಂಡು ಸೀಮೆಸುಣ್ಣ, ನಾಲ್ಕು ಕವಡೆ. ಕವಡೆ ಇಲ್ಲದಿದ್ದರೆ ಹುಣಸೆ ಬೀಜವನ್ನು ಒಂದು ಮಗ್ಗುಲು ಬೆಳ್ಳಗಾಗುವವರೆಗೆ ಕಲ್ಲಿಗೆ ಉಜ್ಜಿದರೂ ಆಯಿತು. ಕಾಯಿಗೆ ಬಳೆಚೂರು, ಕಲ್ಲುಹರಳು, ಅವರೆ ಕಾಳು. ಐದು ಸಾಲು, ಸಾಲಿಗೆ ಐದರಂತೆ ಇಪ್ಪತ್ತೈದು ಮನೆ. ನಾಲ್ಕು ಬದಿಯ ನಡುಮನೆಗಳಿಗೂ ಮಧ್ಯದ ಮನೆಗೂ ಅಡ್ಡಗೆರೆ ಎಳೆದರೆ ಅವು ಕಟ್ಟೆ. ಕಟ್ಟೆಯಲ್ಲಿ ಕೂತ ಕಾಯನ್ನು ಯಾರೂ ಕಡಿಯುವಂತಿಲ್ಲ. ಕಾಯಿ ತನ್ನ ಕಟ್ಟೆಯಿಂದ ಹೊರಟು ಹೊರಸುತ್ತಿನ ಹದಿನಾರು ಮನೆ ಬಳಸಿ, ಒಳಸುತ್ತಿನ ಎಂಟು ಮನೆಗಳನ್ನು ಎದುರು ದಿಕ್ಕಿನಲ್ಲಿ ಸುತ್ತಿ, ನಡುಮನೆ ಸೇರಿ ಹಣ್ಣಾಗುತ್ತದೆ. ಲೆಕ್ಕ ಹಾಕಿದರೆ ಒಟ್ಟು ಇಪ್ಪತ್ತನಾಲ್ಕು ಹೆಜ್ಜೆ. ಅಂಗಾತ ಬಿದ್ದ ಕವಡೆ ಎಷ್ಟೋ ಅಷ್ಟು ಮನೆ ನಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಎರಡಕ್ಕೂ ಇನ್ನೊಂದು ಆಟ ಸಿಗುತ್ತದೆ.

ಇಷ್ಟರವರೆಗೆ ತಕರಾರಿಲ್ಲ. ಇದರಾಚೆಗೆ ಊರಿಗೊಂದು, ಕೆಲವೊಮ್ಮೆ ಮನೆಗೊಂದು ರೂಢಿ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ ಎನ್ನುವವರು ಹೆಚ್ಚು. ಅದೇನೂ ಬೇಡ, ಸುತ್ತು ಮುಗಿದರೆ ಸಾಕು ಎನ್ನುವವರೂ ಇದ್ದಾರೆ. ಕಾಯಿಗಳು ಮೊದಲಿನಿಂದಲೇ ಕಟ್ಟೆಯಲ್ಲಿ ಇರುತ್ತವೆಯೇ ಅಥವಾ ಗರ, ಅಂದರೆ ಒಳಬರಲು ಬೇಕಾದ ಎಣಿಕೆ, ಬಿದ್ದ ಮೇಲಷ್ಟೇ ಮಣೆಗೆ ಬರುತ್ತವೆಯೇ? ಸಾಲಾಗಿ ಮೂರು ಸಲ ಚೌಕವೋ ಬಾರವೋ ಬಿದ್ದರೆ ಮೂರೂ ವಜಾ ಆಗುತ್ತವೆಯೇ? ಒಬ್ಬರದೇ ಎರಡು ಕಾಯಿ ಒಂದೇ ಮನೆಯಲ್ಲಿ ಜೋಡಿಯಾಗಿ ಕೂತರೆ ಅದನ್ನು ಒಂಟಿ ಕಾಯಿ ಕಡಿಯಬಹುದೇ, ದಾಟಿ ಹೋಗಬಹುದೇ? ಹಣ್ಣಾಗಲು ಎರಡು ಮನೆ ಬಾಕಿ ಇರುವಾಗ ಮೂರು ಬಿದ್ದರೆ ಏನು ಗತಿ? ಜಗಲಿಯ ಮೇಲೆ ಈ ಪ್ರಶ್ನೆಗಳಿಗೆ ಉತ್ತರ ಸಿಗುವುದು ಎರಡು ನಿಮಿಷದ ಮಾತಿನಲ್ಲಿ. ಮಾತಾಡಿಕೊಳ್ಳಲು ಮರೆತಿದ್ದರೆ ಆಟದ ನಡುವೆ ಜಗಳ, ಆಮೇಲೆ ಮನೆಯ ಹಿರಿಯರೊಬ್ಬರ ತೀರ್ಪು. ಬೇರೆ ಊರಿನಿಂದ ಬಂದ ಸೊಸೆಗೋ ನೆಂಟರ ಮಕ್ಕಳಿಗೋ ಎಲ್ಲ ನಿಯಮ ಮೊದಲೇ ಒಪ್ಪಿಸಬೇಕಿಲ್ಲ. ಅವರ ಕಾಯಿ ಒಳಸುತ್ತಿನ ಬಾಯಿಗೆ ಬಂದಾಗ ‘ನೀನಿನ್ನೂ ಯಾರನ್ನೂ ಕಡಿದಿಲ್ಲ, ಇನ್ನೊಂದು ಸುತ್ತು ಹೋಗು’ ಎಂದು ಯಾರಾದರೂ ಹೇಳುತ್ತಾರೆ, ಕಲಿತಂತಾಯಿತು.

ತಂತ್ರಾಂಶಕ್ಕೆ ಈ ಸೌಕರ್ಯವಿಲ್ಲ. ಮೊದಲ ಕವಡೆ ಬೀಳುವ ಮೊದಲೇ ಪ್ರತಿ ಪ್ರಶ್ನೆಗೂ ಒಂದು ಖಚಿತ ಉತ್ತರ ಅದರೊಳಗೆ ಇರಬೇಕು. ಆಟ ಕಟ್ಟಿದವರ ಮುಂದೆ ಎರಡೇ ದಾರಿ: ಉತ್ತರವನ್ನು ತಾವೇ ಆರಿಸಿ ಬೀಗ ಹಾಕುವುದು, ಇಲ್ಲವೇ ಆಡುವವರನ್ನು ಕೇಳುವುದು. ಮೊದಲನೆಯದರಿಂದ ಊರಿನ ರೂಢಿ ಸಾಯುತ್ತದೆ. ಎರಡನೆಯದು ಹದ ತಪ್ಪಿದರೆ ಹೊಸಬರ ಮುಂದೆ ಹದಿನೈದು ಗುಂಡಿಗಳು ಸಾಲುಗಟ್ಟಿ ನಿಲ್ಲುತ್ತವೆ.

ಬಾಯಿಮಾತಿನ ಆಟ ಬರಹಕ್ಕೆ ಇಳಿದಾಗಲೆಲ್ಲ ಈ ಇಕ್ಕಟ್ಟು ಇದ್ದೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಸ್ಥಾನದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಒಂಬತ್ತು ಭಾಗಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. ಚದುರಂಗದ ಕುದುರೆಯನ್ನು ಒಂದು ಮನೆಗೂ ಎರಡನೇ ಸಲ ಕಾಲಿಡದಂತೆ ಅರವತ್ತನಾಲ್ಕು ಮನೆ ಸುತ್ತಿಸುವ ಬಂಧಗಳನ್ನು ರಚಿಸುವುದರಲ್ಲಿ ಆ ಅರಸರಿಗೆ ಅಪಾರ ಆಸಕ್ತಿ ಇತ್ತು. 1871ರಲ್ಲಿ ಹರಿಕೃಷ್ಣ ಎಂಬ ಪಂಡಿತರು ಸಂಸ್ಕೃತದಲ್ಲಿ ಬರೆದ ‘ಕ್ರೀಡಾಕೌಶಲ್ಯ’ವೂ ಆಟಗಳ ಕ್ರಮ ವಿವರಿಸುವ ಗ್ರಂಥವೇ. ಅದೇ ಹೆಸರಿನಲ್ಲಿ ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ 2007ರಿಂದ ಸಾಂಪ್ರದಾಯಿಕ ಮಣೆ ಆಟಗಳ ಪ್ರದರ್ಶನ ನಡೆಸುತ್ತ ಬಂದಿದ್ದು, ಚೌಕಾಬಾರ, ಪಗಡೆ, ಅಳಗುಳಿಮಣೆ, ಆಡು–ಹುಲಿ ಆಟಗಳ ಮಣೆಗಳನ್ನು ಕುಶಲಕರ್ಮಿಗಳಿಂದ ಮಾಡಿಸಿ ನಿಯಮಗಳ ಸಮೇತ ಮತ್ತೆ ಮನೆಗಳಿಗೆ ಮುಟ್ಟಿಸಿದೆ. ಇದರ ಇನ್ನೊಂದು ತುದಿಯಲ್ಲಿ ಲೂಡೊ ಇದೆ. ನಮ್ಮ ಪಚ್ಚೀಸಿಯ ಕವಡೆ ತೆಗೆದು ದಾಳ ಇಟ್ಟು, ನಿಯಮ ಸರಳಗೊಳಿಸಿ 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಆಟ ಅದು. ಪೆಟ್ಟಿಗೆಯ ಜೊತೆ ಒಂದೇ ನಿಯಮದ ಚೀಟಿ ಬಂದದ್ದರಿಂದ ಕಲಿಯುವುದು ಸುಲಭವಾಯಿತು, ಲೋಕವೆಲ್ಲ ಹಬ್ಬಿತು. ಪಚ್ಚೀಸಿಯ ಎಷ್ಟೋ ಸೂಕ್ಷ್ಮಗಳು ಆ ದಾರಿಯಲ್ಲೇ ಉದುರಿದವು.

ಆಯ್ಕೆಗಳ ಪರದೆ ಹೇಗಿರುತ್ತದೆ ಎಂಬುದಕ್ಕೆ ಚದುರಂಗವೇ ಒಳ್ಳೆಯ ಉದಾಹರಣೆ, ಯಾಕೆಂದರೆ ಅಲ್ಲಿ ನಿಯಮದ ಗೊಂದಲ ಕಡಿಮೆ, ಆದರೂ ಹೊಸಬರಿಗೆ ಗೊಂದಲ ತಪ್ಪಿಲ್ಲ. ಫ್ರಾನ್ಸಿನ ಥಿಬೋ ಡುಪ್ಲೆಸಿ 2010ರಲ್ಲಿ ಶುರು ಮಾಡಿದ, ಜಾಹೀರಾತಿಲ್ಲದೆ ದೇಣಿಗೆಯಿಂದ ನಡೆಯುವ ಲಿಚೆಸ್ ತಾಣ ತೆರೆದರೆ ಮೊದಲು ಕಾಣುವುದು 1+0, 3+2, 10+0, 15+10 ಎಂಬಂಥ ಅಂಕಿಗಳ ಚೌಕಗಳು. ಕೆಳಗೆ ಬುಲೆಟ್, ಬ್ಲಿಟ್ಜ್, ರ‍್ಯಾಪಿಡ್, ಕ್ಲಾಸಿಕಲ್ ಎಂಬ ಹೆಸರುಗಳು. ಕೂಡುವ ಚಿಹ್ನೆಗೆ ಮೊದಲಿನದು ಒಬ್ಬೊಬ್ಬರಿಗೆ ಸಿಗುವ ನಿಮಿಷ, ನಂತರದ್ದು ಪ್ರತಿ ನಡೆಗೆ ಮರಳಿ ಸೇರುವ ಸೆಕೆಂಡು. ಸೆಕೆಂಡು ಸೇರಿಸುವ ಈ ಉಪಾಯ ಚದುರಂಗದ ಆಟಗಾರ ಬಾಬಿ ಫಿಷರ್ ಅವರದು. 1988ರಲ್ಲಿ ಅವರು ಇಂಥ ಗಡಿಯಾರಕ್ಕೆ ಪೇಟೆಂಟ್ ಅರ್ಜಿ ಹಾಕಿದರು, 1992ರಲ್ಲಿ ಹಳೆಯ ಎದುರಾಳಿ ಸ್ಪಾಸ್ಕಿ ಜೊತೆಗಿನ ಮರುಪಂದ್ಯದಲ್ಲಿ ಬಳಸಿದರು. ಗೆಲ್ಲುವ ಸ್ಥಿತಿಯಲ್ಲಿದ್ದವರು ಬರೀ ಹೊತ್ತು ಸಾಲದೆ ಸೋಲಬಾರದು ಎಂಬುದು ಅದರ ಉದ್ದೇಶ.

ಹೊಸಬರಿಗೆ ಇದರಲ್ಲಿ ಯಾವುದೂ ಬೇಕಿಲ್ಲ. ಅವರ ಪ್ರಶ್ನೆ ಒಂದೇ: ಆಟ ಮುಗಿಯಲು ಎಷ್ಟು ಹೊತ್ತು ಬೇಕು? ಅದಕ್ಕೆ ಉತ್ತರ ತಾಣದ ಒಳಗೇ ಇದೆ. ಒಂದು ಆಟ ಸುಮಾರು ನಲವತ್ತು ನಡೆ ಎಂದು ಹಿಡಿದು ಲಿಚೆಸ್ ಆಟಗಳನ್ನು ವಿಂಗಡಿಸುತ್ತದೆ. 15+10 ಎಂದರೆ ಹದಿನೈದು ನಿಮಿಷಕ್ಕೆ ನಾನೂರು ಸೆಕೆಂಡು ಸೇರಿ ಒಬ್ಬರಿಗೆ ಇಪ್ಪತ್ತೊಂದು ನಿಮಿಷ ನಲವತ್ತು ಸೆಕೆಂಡು. ಇಬ್ಬರದೂ ಕೂಡಿದರೆ ಮುಕ್ಕಾಲು ಗಂಟೆಗೆ ಹತ್ತಿರ. ಅದೇ ಲೆಕ್ಕದಲ್ಲಿ 3+2 ಆದರೆ ಇಬ್ಬರಿಗೂ ಸೇರಿ ಒಂಬತ್ತು ನಿಮಿಷ ದಾಟುವುದಿಲ್ಲ. ಗುಂಡಿಯ ಕೆಳಗೆ ‘ಸುಮಾರು ಮುಕ್ಕಾಲು ಗಂಟೆ, ನಿಧಾನವಾಗಿ ಯೋಚಿಸಿ ಆಡಬಹುದು’ ಎಂದು ಒಂದು ಸಾಲು ಇದ್ದರೆ ಕೆ.ಆರ್. ನಗರದ ಬಸ್ಸಿಗೆ ಕಾದು ಕೂತ ಹುಡುಗ ಯಾವುದನ್ನು ಒತ್ತಬೇಕೆಂದು ತಾನೇ ತೀರ್ಮಾನಿಸುತ್ತಾನೆ. ಹೆಸರುಗಳಂತೂ ನೆಚ್ಚಿಕೊಳ್ಳುವಂಥವಲ್ಲ: ಹತ್ತು ನಿಮಿಷದ ಆಟವನ್ನು ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆ ಬ್ಲಿಟ್ಜ್ ಎಂದು ಎಣಿಸಿದರೆ ಲಿಚೆಸ್ ಅದನ್ನೇ ರ‍್ಯಾಪಿಡ್ ಎನ್ನುತ್ತದೆ. ಇಬ್ಬರಿಗೂ ಅವರವರ ಕಾರಣವಿದೆ, ಆದರೆ ಹೊಸಬರು ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಕಾದ್ದಿಲ್ಲ.

ಇನ್ನೊಂದು ಆಯ್ಕೆ ರೇಟೆಡ್ ಮತ್ತು ಕ್ಯಾಶುಯಲ್. ಮೊದಲನೆಯದರಲ್ಲಿ ಸೋಲು ಗೆಲುವು ಆಟಗಾರರ ರೇಟಿಂಗಿಗೆ ಸೇರುತ್ತದೆ, ಎರಡನೆಯದರಲ್ಲಿ ಸೇರುವುದಿಲ್ಲ. ಲಿಚೆಸ್‌ನಲ್ಲಿ ಎಲ್ಲರೂ ಶುರುವಾಗುವುದು 1500ರಲ್ಲಿ. ಹೊಸ ಖಾತೆಯ ಬಗ್ಗೆ ಗಣಕಕ್ಕೆ ಏನೂ ಗೊತ್ತಿಲ್ಲದ ಕಾರಣ ಮೊದಲ ಕೆಲವು ಆಟಗಳಲ್ಲಿ ರೇಟಿಂಗ್ ದೊಡ್ಡ ದೊಡ್ಡ ಹೆಜ್ಜೆಯಲ್ಲಿ ಏರಿಳಿಯುತ್ತದೆ. ನಿಜವಾದ ಮಟ್ಟ ಸಿಕ್ಕ ಮೇಲೆ ಹೆಜ್ಜೆ ಚಿಕ್ಕದಾಗುತ್ತದೆ. ಇದನ್ನು ತಿಳಿಯದ ಮಗು ಎರಡು ಆಟ ಸೋತು ನೂರಾರು ಅಂಕ ಬಿದ್ದುದನ್ನು ಕಂಡರೆ ಅಳುವುದು ಸಹಜ. ‘ನಿಮ್ಮ ಮಟ್ಟ ಗೊತ್ತುಮಾಡಿಕೊಳ್ಳಲು ಮೊದಮೊದಲು ಅಂಕ ಜೋರಾಗಿ ಏರಿಳಿಯುತ್ತದೆ’ ಎಂಬ ಒಂದೇ ವಾಕ್ಯ ಆಯ್ಕೆಯ ಪಕ್ಕದಲ್ಲಿದ್ದರೆ ಸಾಕು. ಗಣಕದ ಜೊತೆ ಆಡುವವರಿಗೆ 1ರಿಂದ 8ರವರೆಗೆ ಹಂತಗಳಿವೆ. ಅದರಲ್ಲಿ 3 ಎಂದರೆ ಎಷ್ಟು ಕಷ್ಟ ಎಂಬುದಕ್ಕೆ ಆಡಿ ನೋಡುವುದೊಂದೇ ಉತ್ತರ. ಬಣ್ಣದ ಆಯ್ಕೆಯ ಬಗ್ಗೆ ಹೇಳುವಂಥದ್ದೇನಿಲ್ಲ. ಚೆಸ್960, ಆಟಾಮಿಕ್, ಕ್ರೇಜಿಹೌಸ್ ಮುಂತಾದ ರೂಪಾಂತರಗಳು ಹೊಸಬರ ಕಣ್ಣಿಗೆ ಬೀಳದಿರುವುದೇ ಒಳ್ಳೆಯದು. ಚೆಸ್960ರಲ್ಲಿ ಹಿಂದಿನ ಸಾಲಿನ ಕಾಯಿಗಳು 960 ಬಗೆಗಳಲ್ಲಿ ಒಂದರಂತೆ ಕಲಸಿ ಕೂರುತ್ತವೆ, ಅದನ್ನು ತಿಳಿಯದೆ ಒತ್ತಿದವರು ಆ್ಯಪ್ ಕೆಟ್ಟಿದೆ ಎಂದುಕೊಂಡಾರು.

ಚದುರಂಗದ ಪರದೆಯಿಂದ ಚೌಕಾಬಾರದ ಪರದೆಗೆ ಬಂದರೆ ಕೆಲಸ ಇನ್ನೂ ಕಠಿಣ, ಯಾಕೆಂದರೆ ಇಲ್ಲಿ ನಿಯಮಗಳೇ ಆಯ್ಕೆಗಳು. ಅದರಲ್ಲೂ ಒಂದು ಆಯ್ಕೆ ಯಾರ ಕಣ್ಣಿಗೂ ಬೀಳದೆ ಆಟವನ್ನೇ ಬದಲಿಸುತ್ತದೆ: ಕವಡೆ ಬೀಳುವ ಬಗೆ. ಪ್ರತಿ ಕವಡೆ ಅಂಗಾತ ಬೀಳುವುದಕ್ಕೂ ಬೋರಲು ಬೀಳುವುದಕ್ಕೂ ಸಮ ಅವಕಾಶ ಎಂದಿಟ್ಟುಕೊಂಡರೆ, ನಾಲ್ಕು ಕವಡೆಗೆ ಹದಿನಾರು ಬಗೆ. ಅದರಲ್ಲಿ ಎರಡು ಬೀಳುವುದು ಆರು ಬಗೆಯಲ್ಲಿ, ಒಂದು ಮತ್ತು ಮೂರು ತಲಾ ನಾಲ್ಕು ಬಗೆಯಲ್ಲಿ, ಚೌಕ ಒಂದು, ಬಾರ ಒಂದು. ಅಂದರೆ ಚೌಕವೋ ಬಾರವೋ ಬೀಳುವುದು ಎಂಟು ಎಸೆತಕ್ಕೆ ಸರಾಸರಿ ಒಮ್ಮೆ. ನಿಜವಾದ ಕವಡೆ ಒಂದು ಮಗ್ಗುಲು ಉಬ್ಬಿರುವುದರಿಂದ ಈ ಲೆಕ್ಕ ಕೊಂಚ ಆಚೀಚೆ ಆಗುತ್ತದೆ, ಅದಿರಲಿ. ಆ್ಯಪ್ ಬರೆದವರು ಇದನ್ನು ಯೋಚಿಸದೆ 1, 2, 3, 4, 8 ಎಂಬ ಐದು ಸಂಖ್ಯೆಗಳಲ್ಲಿ ಒಂದನ್ನು ಚೀಟಿ ಎತ್ತಿದಂತೆ ಎತ್ತುವ ಹಾಗೆ ಮಾಡಿದರೆ ಚೌಕ–ಬಾರಗಳು ಐದಕ್ಕೆ ಎರಡು ಸಲ ಬೀಳತೊಡಗುತ್ತವೆ, ಅಂದರೆ ಮೂರು ಪಟ್ಟಿಗೂ ಹೆಚ್ಚು. ಪ್ರತಿ ಸಲವೂ ಇನ್ನೊಂದು ಆಟ ಸಿಗುವುದರಿಂದ ಒಬ್ಬರೇ ಆಡುತ್ತ ಹೋಗುತ್ತಾರೆ, ಉಳಿದವರು ನೋಡುತ್ತ ಕೂರುತ್ತಾರೆ. ಜಗಲಿಯ ಮೇಲೆ ಆಡಿ ಗೊತ್ತಿದ್ದವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನೆಂದು ಹೇಳಲಾಗುವುದಿಲ್ಲ. ‘ಕವಡೆಯ ಲೆಕ್ಕ’, ‘ವೇಗದ ಆಟ’ ಎಂದು ಎರಡನ್ನೂ ಬಿಚ್ಚಿಟ್ಟು, ಮೊದಲನೆಯದನ್ನೇ ತಾನಾಗಿ ಇರುವಂತೆ ಮಾಡುವುದು ನ್ಯಾಯ.

ಉಳಿದ ಆಯ್ಕೆಗಳನ್ನು ಹೇಗೆ ಕೇಳಬೇಕು? ಈಗ ಚಾಲ್ತಿಯಲ್ಲಿರುವ ರೀತಿ ಎಂದರೆ ನಿಯಮಕ್ಕೊಂದು ಹೆಸರು ಇಟ್ಟು ಪಕ್ಕದಲ್ಲಿ ಆನ್–ಆಫ್ ಗುಂಡಿ ಇಡುವುದು. ‘ಕಡ್ಡಾಯ ಕಡಿತ: ಆನ್’ ಎಂದರೆ ಆಟ ಗೊತ್ತಿದ್ದವರಿಗೆ ಅರ್ಥವಾದೀತು. ಮೊದಲ ಸಲ ನೋಡುವವರು ಕಡಿಯುವ ಅವಕಾಶ ಸಿಕ್ಕಾಗಲೆಲ್ಲ ಕಡಿಯಲೇಬೇಕು ಎಂದುಕೊಳ್ಳುತ್ತಾರೆ, ಅದು ತೀರ ಬೇರೆ ನಿಯಮ. ಬದಲಿಗೆ ಪರದೆ ಹೀಗೆ ಕೇಳಲಿ: ‘ಯಾರನ್ನೂ ಕಡಿಯದೆ ಒಳಸುತ್ತಿಗೆ ಹೋಗಬಹುದೇ? ಹೋಗಬಹುದು: ಆಟ ಬೇಗ ಮುಗಿಯುತ್ತದೆ. ಹೋಗುವಂತಿಲ್ಲ: ಕಡಿಯುವವರೆಗೆ ಹೊರಗೇ ಸುತ್ತಬೇಕು.’ ಹೆಸರಿನ ಜಾಗದಲ್ಲಿ ಪ್ರಶ್ನೆ ಬಂತು, ಪ್ರತಿ ಉತ್ತರದ ಜೊತೆ ಅದರ ಪರಿಣಾಮ ಬಂತು. ಗರದ ವಿಷಯಕ್ಕೆ: ‘ಕಾಯಿಗಳು ಮೊದಲಿನಿಂದಲೇ ಕಟ್ಟೆಯಲ್ಲಿರಲಿ’ ಮತ್ತು ‘ಗರ ಬಿದ್ದ ಮೇಲೆ ಬರಲಿ, ಶುರುವಿನಲ್ಲಿ ಕಾಯಬೇಕಾಗಬಹುದು’. ಇಂಥ ಪ್ರಶ್ನೆಯ ಪಕ್ಕ ಮೂರು ಸೆಕೆಂಡಿನ ಚಲಿಸುವ ಚಿತ್ರ ಇಟ್ಟು, ಒಂದು ಕಾಯಿ ಒಳಸುತ್ತಿನ ಬಾಯಲ್ಲಿ ತಡೆದು ನಿಂತು ಮತ್ತೆ ಹೊರಸುತ್ತಿಗೆ ತಿರುಗುವುದನ್ನು ತೋರಿಸಿದರೆ ಓದಲು ಬಾರದ ಮಕ್ಕಳಿಗೂ ತಿಳಿಯುತ್ತದೆ.

ಎಲ್ಲ ಪ್ರಶ್ನೆಗಳನ್ನೂ ಎಲ್ಲರಿಗೂ ಕೇಳಬೇಕಾಗಿಯೂ ಇಲ್ಲ. ಮೊದಲ ಸಲ ಬಂದವರಿಗೆ ಎರಡೇ ಸಾಕು: ಎಷ್ಟು ಜನ, ಯಾರ ಜೊತೆ. ಮಿಕ್ಕದ್ದಕ್ಕೆಲ್ಲ ಹೆಚ್ಚು ಮಂದಿ ಆಡುವ ರೂಢಿಯನ್ನು ತಾನಾಗಿ ಇಟ್ಟು, ಕೆಳಗೆ ‘ನಮ್ಮ ಮನೆಯ ನಿಯಮ ಬೇರೆ’ ಎಂಬ ಒಂದು ಬಾಗಿಲು ಬಿಟ್ಟರೆ, ಬೇಕಾದವರು ತೆರೆದು ನೋಡುತ್ತಾರೆ. ತಾನಾಗಿ ಇರುವ ಆಯ್ಕೆಯ ಬಲ ದೊಡ್ಡದು. ಬಹುಪಾಲು ಜನ ಅದನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಆಟ ಕಟ್ಟುವವರು ತಮ್ಮ ಮನೆಯ ರೂಢಿಯನ್ನೇ ಅಲ್ಲಿ ಇಟ್ಟುಬಿಟ್ಟರೆ ಹತ್ತು ವರ್ಷದಲ್ಲಿ ಅದೇ ‘ಸರಿಯಾದ’ ಚೌಕಾಬಾರ ಆಗಿಬಿಡುತ್ತದೆ. ಒಮ್ಮೆ ಹೊಂದಿಸಿದ ಮನೆನಿಯಮವನ್ನು ಹೆಸರು ಕೊಟ್ಟು ಉಳಿಸಿಕೊಳ್ಳಲು ಬರಬೇಕು: ‘ಅಜ್ಜಿ ಮನೆ ಆಟ’ ಎಂದು ಉಳಿಸಿಟ್ಟರೆ ಮುಂದಿನ ಸಲ ಒಂದೇ ಒತ್ತು. ಬೆಂಗಳೂರಿನಲ್ಲೋ ಬೇರೆ ದೇಶದಲ್ಲೋ ಇರುವ ಮೊಮ್ಮಕ್ಕಳು ಸಾಲಿಗ್ರಾಮದ ಅಜ್ಜಿಯ ಜೊತೆ ಶಿವರಾತ್ರಿ ಜಾಗರಣೆಯ ಆಟ ಆಡುವುದಾದರೆ ಇದೊಂದು ಸೌಕರ್ಯವೇ ಉಳಿದೆಲ್ಲಕ್ಕಿಂತ ದೊಡ್ಡದು.

ಬೇರೆ ಆಟಗಳ ಪಾಡೂ ಇಷ್ಟೇ, ಪ್ರಶ್ನೆಗಳು ಮಾತ್ರ ಬೇರೆ. ಅಳಗುಳಿಮಣೆಯಲ್ಲಿ ಏಳರಂತೆ ಎರಡು ಸಾಲು ಗುಳಿ. ಗುಳಿಗೆ ನಾಲ್ಕು ಬೀಜವೋ ಐದೋ ಎಂಬುದು ಮೊದಲ ಪ್ರಶ್ನೆ. ಆಡು–ಹುಲಿಯಲ್ಲಿ ಎರಡು ಕಡೆಯ ಬಲವೇ ಬೇರೆ, ಹೊಸಬರಿಗೆ ಹುಲಿ ಸುಲಭ, ಆಡು ಕಷ್ಟ; ಅದನ್ನು ಹೇಳದೆ ‘ಕಡೆ ಆರಿಸಿ’ ಎಂದಷ್ಟೇ ಕೇಳಿದರೆ ಪ್ರಯೋಜನವಿಲ್ಲ.

ಗೆಳೆಯರನ್ನು ಕರೆಯುವ ಹಾದಿಯಲ್ಲಿ ಇನ್ನೊಂದು ತೊಡಕು ಅಡಗಿದೆ. ನಿಯಮ ಆರಿಸುವವರು ಒಬ್ಬರು, ವಾಟ್ಸ್ಆ್ಯಪ್‌ನಲ್ಲಿ ಬಂದ ಕೊಂಡಿ ಒತ್ತಿ ಸೇರುವವರು ಇನ್ನೊಬ್ಬರು. ಸೇರುವವರಿಗೆ ಏನು ಒಪ್ಪಿಕೊಂಡೆವೆಂಬುದೇ ಕಾಣುವುದಿಲ್ಲ. ಜಗಲಿಯ ಮಾತುಕತೆಯಲ್ಲಿ ಇಬ್ಬರೂ ಇರುತ್ತಿದ್ದರು. ಕೊಂಡಿ ತೆರೆದ ಕೂಡಲೇ ‘ನಾಲ್ಕು ಜನ, ಕಡಿದೇ ಒಳಗೆ ಹೋಗಬೇಕು, ಮೂರು ಚೌಕ ಬಿದ್ದರೆ ವಜಾ, ಸುಮಾರು ಅರ್ಧ ಗಂಟೆ’ ಎಂದು ಎರಡು ಸಾಲಿನಲ್ಲಿ ತೋರಿಸಿ, ‘ಸರಿ’ ಮತ್ತು ‘ಬದಲಿಸೋಣ’ ಎಂಬ ಎರಡು ಗುಂಡಿ ಕೊಡುವುದು ಹೆಚ್ಚಿನ ಕೆಲಸವೇನೂ ಅಲ್ಲ.

ಹಳ್ಳಿಗಳ ಮಟ್ಟಿಗೆ ನೆಟ್‌ವರ್ಕ್ ಕೂಡ ಆಯ್ಕೆಯ ವಿಷಯವೇ. ಸಿಗ್ನಲ್ ಹೋದಾಗ ಗಡಿಯಾರ ನಿಲ್ಲುವುದಿಲ್ಲ, ಅದು ದೂರದ ಸರ್ವರ್‌ನಲ್ಲಿ ಓಡುತ್ತಲೇ ಇರುತ್ತದೆ. ಇದಕ್ಕೆ ಮದ್ದು ಹಳೆಯ ಅಂಚೆ ಚದುರಂಗದ ಮಾದರಿ: ಒಂದು ನಡೆಗೆ ಇಷ್ಟು ದಿನ. ಲಿಚೆಸ್‌ನಲ್ಲಿ ಒಂದರಿಂದ ಹದಿನಾಲ್ಕು ದಿನದವರೆಗೆ ಇಟ್ಟುಕೊಳ್ಳಬಹುದು. ನೂರಾರು ಮಣೆ ಆಟಗಳಿರುವ ಬೋರ್ಡ್ ಗೇಮ್ ಅರೀನಾ ತಾಣದಲ್ಲೂ ಸರದಿಯಂತೆ ಬಿಡುವಾದಾಗ ಆಡುವ ಬಗೆ ಇದೆ. ಹೊಲದ ಕೆಲಸದ ನಡುವೆ, ಶಾಲೆ ಬಿಟ್ಟ ಮೇಲೆ ಆಡುವವರಿಗೆ ಹೇಳಿ ಮಾಡಿಸಿದ್ದು. ಆದರೆ ‘ಕರೆಸ್ಪಾಂಡೆನ್ಸ್’ ಎಂಬ ಹೆಸರಿನ ಹಿಂದೆ ಅದು ಇದೆಯೆಂದು ಎಷ್ಟು ಜನಕ್ಕೆ ಹೊಳೆದೀತು? ‘ಬಿಡುವಾದಾಗ ಆಡಿ, ಒಂದು ನಡೆಗೆ ಮೂರು ದಿನ ಸಮಯ’ ಎಂದರೆ ಮುಗಿಯಿತು.

ಹಣದ ಮಾತೂ ಇಲ್ಲಿ ಬರುತ್ತದೆ. ನಾಣ್ಯ, ವಜ್ರ, ಪ್ರವೇಶ ಶುಲ್ಕ ಎಂಬ ಚಿತ್ರಗಳು ಅನೇಕ ಲೂಡೊ, ಕೇರಂ ಆ್ಯಪ್‌ಗಳ ಶುರುವಿನ ಪರದೆಯಲ್ಲೇ ಇರುತ್ತವೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ನಿಷೇಧಿಸಿದೆ. ಆಟದೊಳಗಿನ ಬರೀ ಗುರುತಿನ ನಾಣ್ಯ ಯಾವುದು, ಕೊಳ್ಳಲು ದುಡ್ಡು ಬೇಕಾದದ್ದು ಯಾವುದು ಎಂಬುದು ಗುಂಡಿ ಒತ್ತುವ ಮೊದಲೇ ಅಕ್ಷರದಲ್ಲಿ ಇರಬೇಕು, ಬಣ್ಣದ ಚಿತ್ರದಲ್ಲಲ್ಲ. ಅಪ್ಪ ಅಮ್ಮಂದಿರ ಫೋನಿನಲ್ಲಿ ಆಡುವವರು ಹೆಚ್ಚಾಗಿ ಮಕ್ಕಳೇ.

ಪರದೆ ಸ್ಪಷ್ಟವಾಗಿದೆಯೋ ಇಲ್ಲವೋ ಎಂದು ತಿಳಿಯಲು ಆಟ ಕಟ್ಟಿದವರ ಅಭಿಪ್ರಾಯ ಕೆಲಸಕ್ಕೆ ಬರುವುದಿಲ್ಲ, ಅವರಿಗೆ ಎಲ್ಲವೂ ಸ್ಪಷ್ಟವೇ. ಆಟ ನೋಡದ ನಾಲ್ಕೈದು ಜನರ ಕೈಗೆ ಫೋನ್ ಕೊಟ್ಟು, ಬಾಯಿ ಬಿಡದೆ ಪಕ್ಕದಲ್ಲಿ ಕೂರಬೇಕು. ಬೆರಳು ಎಲ್ಲಿ ತಡೆಯಿತು, ಯಾವ ಗುಂಡಿಯನ್ನು ಒತ್ತಿ ಹಿಂದಕ್ಕೆ ಬಂದರು, ‘ಇದೇನು’ ಎಂದು ಎಲ್ಲಿ ಕೇಳಿದರು ಎಂಬುದನ್ನು ಬರೆದುಕೊಂಡರೆ ಅದೇ ತಿದ್ದುಪಡಿಯ ಪಟ್ಟಿ. ಅವರು ಕೇಳಿದ ಪ್ರಶ್ನೆಯ ಮಾತುಗಳೇ ಎಷ್ಟೋ ಸಲ ಗುಂಡಿಯ ಮೇಲೆ ಬರೆಯಲು ಯೋಗ್ಯವಾಗಿರುತ್ತವೆ.

ಆಟ ಶುರುವಾದ ಮೇಲೂ ಆಯ್ಕೆಗಳು ಕಣ್ಮರೆಯಾಗಬಾರದು. ಮೂಲೆಯಲ್ಲೊಂದು ಗುರುತು ಒತ್ತಿದರೆ ಈ ಆಟಕ್ಕೆ ಒಪ್ಪಿದ ನಿಯಮಗಳೆಲ್ಲ ಕಾಣಬೇಕು. ಕಾಯಿಯೊಂದು ಒಳಸುತ್ತಿನ ಬಾಯಲ್ಲಿ ತಡೆದು ನಿಂತಾಗ ಆ್ಯಪ್ ಸುಮ್ಮನೆ ನಡೆ ನಿರಾಕರಿಸದೆ ‘ಇನ್ನೂ ಯಾರನ್ನೂ ಕಡಿದಿಲ್ಲ, ಇನ್ನೊಂದು ಸುತ್ತು’ ಎಂದು ಹೇಳಬೇಕು. ಆಟ ಮುಗಿದಾಗ ಬರುವ ‘ಮತ್ತೊಂದು ಆಟ’ ಗುಂಡಿಯ ಪಕ್ಕದಲ್ಲಿ ‘ಇದೇ ನಿಯಮ’, ‘ನಿಯಮ ಬದಲಿಸಿ’ ಎಂಬ ಎರಡು ಸಾಲು ಇರಬೇಕು. ಒಂದು ಆಟ ಆಡಿದವರಿಗೆ ಎರಡನೆಯ ಸಾಲನ್ನು ತೆರೆಯಲು ಆಗ ಮೊದಲಿನ ಹಿಂಜರಿಕೆ ಇರುವುದಿಲ್ಲ.